ಊರು ಹೇಳಿ, ಇಲ್ಲಾ ದಿನ ಹೇಳಿ: ಹಾಯಿದೋಣಿಯಲ್ಲಿ ಹೋಗಿ ಗೆಳೆಯರನ್ನು ಕಾಣುವ ಕ್ರಮ

ಮೊದಲ ವರ್ಷ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. "ಬಾಲ್ಟಿಮೋರ್‌ನಿಂದ ಅನಾಪೊಲಿಸ್‌ಗೆ ದೋಣಿಯಲ್ಲಿ ಬರ್ತಿದ್ದೇವೆ, ಶನಿವಾರ ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಸಿಗೋಣ" ಎಂದು ಗೆಳೆಯನಿಗೆ ಮಾತು ಕೊಟ್ಟಿದ್ದೆ. ಎರಡೂ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಊರುಗಳು, ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನೀರಿನಲ್ಲಿ ಸುಮಾರು 25 ನಾಟಿಕಲ್ ಮೈಲಿ. ನಮ್ಮ 30 ಅಡಿಯ ದೋಣಿ ಗಂಟೆಗೆ ಐದು ನಾಟಿಕಲ್ ಮೈಲಿ ಹೋಗುತ್ತದೆ. ಅಂದರೆ ಸುಮಾರು ಒಂಬತ್ತು ಕಿಲೋಮೀಟರ್, ಸೈಕಲ್ಲಿಗಿಂತ ನಿಧಾನ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಹನ್ನೆರಡಕ್ಕೆ ಅಲ್ಲಿ. ಲೆಕ್ಕ ಸರಿಯಾಗಿಯೇ ಇತ್ತು. ಗಾಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಈ ಎರಡೂ ಊರು ಇರುವ ಚೆಸಪೀಕ್ ಕೊಲ್ಲಿಯಲ್ಲಿ ಬೇಸಿಗೆಯ ಗಾಳಿ ಹೆಚ್ಚಾಗಿ ದಕ್ಷಿಣದಿಂದ ಬೀಸುತ್ತದೆ. ನಾವು ಹೋಗಬೇಕಾದದ್ದೂ ದಕ್ಷಿಣಕ್ಕೇ. ಎದುರುಗಾಳಿಗೆ ಹಾಯಿದೋಣಿ ನೇರ ಹೋಗುವುದಿಲ್ಲ. ಘಾಟಿ ಹತ್ತುವ ಬಸ್ಸಿನ ಹಾಗೆ ಓರೆಯಾಗಿ ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗುತ್ತಾ ಏರಬೇಕು. 25 ಮೈಲಿ 35 ಆಗುತ್ತದೆ. ಈ ಕೊಲ್ಲಿ 300 ಕಿಲೋಮೀಟರಿಗೂ ಉದ್ದದ ಒಂದು ದೊಡ್ಡ ಅಳಿವೆ. ಸರಾಸರಿ ಆಳ ನೋಡಿದರೆ ಆರೂವರೆ ಮೀಟರ್ ಅಷ್ಟೆ. ಅಷ್ಟು ತೆಳು ನೀರಿನ ಮೇಲೆ ಗಾಳಿ ಜೋರಾದರೆ ಗಿಡ್ಡ ಅಲೆಗಳು ಒಂದರ ಬೆನ್ನಿಗೆ ಒಂದು ಬಂದು ದೋಣಿಯ ಮೂತಿಗೆ ಗುದ್ದುತ್ತವೆ. ನಾವು ಅನಾಪೊಲಿಸ್ ಮುಟ್ಟಿದಾಗ ಐದು ಗಂಟೆ. ಗೆಳೆಯ, ಅವನ ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬಂದಿದ್ದ ಅವನ ಅಮ್ಮ ನಾಲ್ಕು ತಾಸಿನಿಂದ ದೋಣಿ ಕಟ್ಟುವ ಧಕ್ಕೆಯ ಬೆಂಚಿನ ಮೇಲೆ ಕೂತಿದ್ದರು. ಡಬ್ಬಿಯಲ್ಲಿದ್ದ ಬಿಸಿಬೇಳೆಬಾತ್ ಇಟ್ಟಿಗೆಯಾಗಿತ್ತು.

"ಅಷ್ಟು ಹೊತ್ತಲ್ಲಿ ಕಾರಲ್ಲಿ ನಾಲ್ಕು ಸಲ ಹೋಗಿ ಬರಬಹುದಿತ್ತಲ್ಲ ಮಾರಾಯ" ಅಂದ.

ತಡವಾದದ್ದನ್ನು ಅವನು ಮರೆತ. ನಾನು ಮರೆಯದೇ ಇರುವುದು ಬೇರೆ. ಕೊಲ್ಲಿಯನ್ನು ದಾಟುವ ದೊಡ್ಡ ಸೇತುವೆ ಬೇ ಬ್ರಿಜ್‌ಗೆ ಸ್ವಲ್ಪ ಮೊದಲು ಪಶ್ಚಿಮದ ಆಕಾಶ ಕಪ್ಪಾಗಿತ್ತು. ಬಲಕ್ಕೆ ಮ್ಯಾಗೊಥಿ ನದಿಯ ಬಾಯಿ. ಒಳಗೆ ಹೋಗಿ ಲಂಗರು ಹಾಕಿ ಕೂತಿದ್ದರೆ ಗುಡುಗು ಮಳೆ ತಲೆ ಮೇಲೆ ಹಾದು ಹೋಗುತ್ತಿತ್ತು. "ಅವರು ಕಾಯ್ತಿದ್ದಾರೆ" ಅಂತ ನಾನು ಮುಂದಕ್ಕೇ ಹೋದೆ. ಇಪ್ಪತ್ತು ನಿಮಿಷ ಏನೂ ಕಾಣದ ಮಳೆಯಲ್ಲಿ, ಇಳಿಸಲು ತಡವಾದ ಹಾಯಿ ಪಟಪಟ ಹೊಡೆದುಕೊಳ್ಳುತ್ತಾ, ಸೇತುವೆಯ ಕಂಬಗಳು ಎಲ್ಲಿವೆ ಅಂತ ಕಣ್ಣು ಕಿರಿದು ಮಾಡಿ ನೋಡುತ್ತಾ ಹೋದದ್ದು ನೆನಪಿದೆ. ಒಂದು ಊಟದ ಮಾತಿಗಾಗಿ.

ಆಮೇಲಿನ ಬೇಸಿಗೆಗಳಲ್ಲಿ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಅನಾಪೊಲಿಸ್‌ನದು. ನಿಮ್ಮ ಬಂದರು ಬೇರೆ ಇದ್ದರೂ ಕೆಲಸ ಇದೇ.

1. ಮಾತು ಕೊಡುವ ರೀತಿ

ದೋಣಿಯಲ್ಲಿ ತಿರುಗುವವರಲ್ಲಿ ಒಂದು ಹಳೆಯ ಮಾತಿದೆ: ಗೆಳೆಯರಿಗೆ ಊರು ಹೇಳಬಹುದು, ಇಲ್ಲಾ ದಿನ ಹೇಳಬಹುದು, ಎರಡನ್ನೂ ಹೇಳಬಾರದು. "ಅನಾಪೊಲಿಸ್‌ಗೆ ಖಂಡಿತ ಬರ್ತೀವಿ, ಯಾವ ದಿನ ಅಂತ ಆಮೇಲೆ ಹೇಳ್ತೀನಿ" ಅನ್ನಬಹುದು. "ಶನಿವಾರ ಸಿಗೋಣ, ಎಲ್ಲಿ ಅಂತ ಶುಕ್ರವಾರ ಹೇಳ್ತೀನಿ" ಅಂತಲೂ ಅನ್ನಬಹುದು. ಮಕ್ಕಳ ಶಾಲೆ, ಕೆಲಸ ಇರುವ ಮನೆಯವರಿಗೆ ಎರಡನೆಯದೇ ಅನುಕೂಲ. ಅವರ ಶನಿವಾರ ಬದಲಾಗುವುದಿಲ್ಲ, ಊರು ಬದಲಾದರೆ ಕಾರಿಗೆ ಅರ್ಧ ಗಂಟೆ ಜಾಸ್ತಿ, ಅಷ್ಟೆ.

ಎರಡನ್ನೂ ಹೇಳಲೇಬೇಕಾದರೆ ಒಂದೇ ದಾರಿ. ಹಿಂದಿನ ದಿನವೇ ಹೋಗಿ ದೋಣಿ ಕಟ್ಟಿಬಿಡಿ. ಶನಿವಾರ ಊಟ ಅಂದರೆ ಶುಕ್ರವಾರ ಸಂಜೆ ಅಲ್ಲಿರಬೇಕು. ಶುಕ್ರವಾರ ಗಾಳಿ ಕೈಕೊಟ್ಟರೆ ಫೋನ್ ಮಾಡಿ ಹೇಳಲು ಒಂದು ಇಡೀ ರಾತ್ರಿ ಸಿಗುತ್ತದೆ.

ನಾನು ಈಗ ಕಳಿಸುವ ಮೆಸೇಜು ಹೀಗಿರುತ್ತದೆ: "ಶನಿವಾರ ಅನಾಪೊಲಿಸ್ ಅಂತ ಅಂದುಕೊಂಡಿದ್ದೇವೆ. ಗಾಳಿ ಕೆಟ್ಟರೆ ಮ್ಯಾಗೊಥಿಯಲ್ಲಿ ನಿಲ್ಲುತ್ತೇವೆ, ಅಲ್ಲಿಗೂ ಕಾರು ಬರುತ್ತದೆ. ಹಗ್ಗ ಕಟ್ಟಿದ ಮೇಲೆ ಫೋನ್ ಮಾಡ್ತೀನಿ. ಅಲ್ಲಿವರೆಗೆ ಮನೆ ಬಿಡಬೇಡಿ." ಕೊನೆಯ ಸಾಲು ಮುಖ್ಯ. ನಮ್ಮವರು ಒಂದು ಗಂಟೆ ಮೊದಲೇ ಬಂದು ನಿಲ್ಲುವವರು. ಅವರು ಧಕ್ಕೆಯ ಮೇಲೆ ನಿಂತಿದ್ದಾರೆ ಅಂತ ಗೊತ್ತಾದ ಕ್ಷಣ ನಿಮ್ಮ ಬುದ್ಧಿ ಅರ್ಧ ಕಡಿಮೆಯಾಗುತ್ತದೆ.

ಬದಲಿ ಜಾಗ ಆರಿಸುವಾಗ ಕಾರಿನ ದಾರಿಯನ್ನೂ ನೋಡಿ. ಕೊಲ್ಲಿಯ ಆಚೆ ದಡದಲ್ಲಿ ಸೇಂಟ್ ಮೈಕಲ್ಸ್ ಅನ್ನುವ ಚೆಂದದ ಊರಿದೆ. 1965ರಲ್ಲಿ ಶುರುವಾದ ಕಡಲ ವಸ್ತುಸಂಗ್ರಹಾಲಯ, ಅದರ ಅಂಗಳದಲ್ಲಿ 1879ರ ಮರದ ದೀಪಸ್ತಂಭ, ಎಲ್ಲ ನೋಡುವಂಥವು. ಮಕ್ಕಳಿದ್ದರೆ ನಾನು ಅನಾಪೊಲಿಸ್‌ಗಿಂತ ಅದನ್ನೇ ಹೇಳುತ್ತೇನೆ. ಆದರೆ ಗೆಳೆಯರು ಪಶ್ಚಿಮ ದಡದವರಾದರೆ ಬೇ ಬ್ರಿಜ್ ದಾಟಿ ಬರಬೇಕು. ಏಳು ಕಿಲೋಮೀಟರ್ ಉದ್ದದ ಆ ಸೇತುವೆಯ ಮೇಲೆ ಬೇಸಿಗೆಯ ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ಸಮುದ್ರ ತೀರಕ್ಕೆ ಹೋಗುವ ಕಾರುಗಳು ಇರುವೆ ಸಾಲು. ಅಂಥ ಒಂದು ಶನಿವಾರ ನಮ್ಮ ದೋಣಿ ಮೊದಲು ಮುಟ್ಟಿತು, ಕಾರು ಆಮೇಲೆ. ಇಂಥ ಸಂತೋಷ ಹಾಯಿದೋಣಿಯವರಿಗೆ ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

2. ದೋಣಿ ಎಲ್ಲಿ ನಿಲ್ಲಿಸುವುದು

ಯಾರು ಬರುತ್ತಿದ್ದಾರೆ ಅನ್ನುವುದರ ಮೇಲೆ ಇದನ್ನು ತೀರ್ಮಾನಿಸಿ.

ನಿಮ್ಮ ವಯಸ್ಸಿನ ಇಬ್ಬರು ಗೆಳೆಯರು ಅಂದರೆ ಲಂಗರು ಹಾಕಿ, ಡಿಂಗಿಯಲ್ಲಿ, ಅಂದರೆ ದಡಕ್ಕೆ ಹೋಗಿ ಬರಲು ಜೊತೆಗಿರುವ ಪುಟ್ಟ ದೋಣಿಯಲ್ಲಿ, ಹೋಗಿ ಕರೆತನ್ನಿ. ಇಲ್ಲವೇ ಮೂರಿಂಗ್ ಬಾಲ್ ತೆಗೆದುಕೊಳ್ಳಿ. ತಳಕ್ಕೆ ಭದ್ರ ಮಾಡಿದ ಸರಪಳಿಯ ತುದಿಯಲ್ಲಿ ತೇಲುವ ಚೆಂಡು ಅದು. ಅನಾಪೊಲಿಸ್‌ನಲ್ಲಿ ನೌಕಾ ಅಕಾಡೆಮಿಯ ಎದುರಿಗೂ, ಸ್ಪಾ ಕ್ರೀಕ್ ಅನ್ನುವ ತೊರೆಯ ಸೇತುವೆ ದಾಟಿದರೆ ಒಳಗೂ ಇವಿವೆ. ಸೇತುವೆ ತೆರೆಸಲು ದೋಣಿಯವರು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೋದ 13ನೇ ಚಾನೆಲ್‌ನಲ್ಲಿ ಕೇಳಬೇಕು, ಅದಕ್ಕೆ ಸಮಯ ಗೊತ್ತುಮಾಡಿದ್ದಾರೆ. ಬಾಡಿಗೆ, ಖಾಲಿ ಇದೆಯೋ ಇಲ್ಲವೋ ಎಲ್ಲ ಬಂದರು ಕಚೇರಿಗೆ ಮೊದಲೇ ಫೋನ್ ಮಾಡಿ ಕೇಳಿ.

ವಯಸ್ಸಾದವರು, ಕೈಗೂಸು, ಮಂಡಿ ನೋವಿನವರು ಬರುತ್ತಾರೆ ಅಂದರೆ ಜಾಸ್ತಿ ಯೋಚಿಸಬೇಡಿ. ಆ ಒಂದು ರಾತ್ರಿಗೆ ಮರೀನಾದಲ್ಲಿ, ಅಂದರೆ ದೋಣಿ ನಿಲ್ದಾಣದಲ್ಲಿ, ಸ್ಲಿಪ್ ಬುಕ್ ಮಾಡಿ. ಧಕ್ಕೆಗೆ ತಾಗಿ ಒಂದು ದೋಣಿ ಕಟ್ಟುವಷ್ಟು ಜಾಗ ಅದು. ದುಡ್ಡು ಜಾಸ್ತಿ ಆಗುತ್ತದೆ. ಆದರೆ ನಡೆದು ಬಂದು ಹತ್ತಬಹುದು, ಹತ್ತಿರದಲ್ಲೇ ಒಳ್ಳೆಯ ಟಾಯ್ಲೆಟ್ ಇರುತ್ತದೆ, ಕರೆಂಟು ಇರುತ್ತದೆ. ಕೇಳುವಾಗ "ತೇಲುವ ಧಕ್ಕೆ ಇದೆಯಾ" ಅಂತ ಕೇಳಿ. ಅನಾಪೊಲಿಸ್‌ನಲ್ಲಿ ಉಬ್ಬರ ಇಳಿತ ಒಂದಡಿಯಷ್ಟೇ. ಆದರೂ ಉತ್ತರದ ಗಾಳಿ ಎರಡು ದಿನ ಜೋರಾಗಿ ಬೀಸಿದರೆ ನೀರೆಲ್ಲ ಕೊಲ್ಲಿಯ ಬಾಯಿಗೆ ತಳ್ಳಿಹೋಗಿ, ಬೆಳಿಗ್ಗೆ ಸರಾಗ ಹತ್ತಿದ್ದ ದೋಣಿ ಸಂಜೆಗೆ ಧಕ್ಕೆಯಿಂದ ಎರಡಡಿ ಕೆಳಗಿರುತ್ತದೆ.

ಅನಾಪೊಲಿಸ್ ಊರಿನ ಧಕ್ಕೆ ಸಿಟಿ ಡಾಕ್‌ನ ಮಧ್ಯೆ ಒಂದು ಇಕ್ಕಟ್ಟಾದ ಕಾಲುವೆ ಇದೆ. ತುದಿಯಲ್ಲಿ ದಾರಿ ಮುಗಿಯುತ್ತದೆ, ತಿರುಗಿಸಿಕೊಂಡೇ ಬರಬೇಕು. ದೊಡ್ಡ ದೊಡ್ಡ ಮೋಟಾರು ದೋಣಿಯವರು ಸುಮ್ನೆ ಮೆರೆಯಲು ಅಲ್ಲಿಗೆ ಬಂದು ತಿರುಗಿ ಹೋಗುವುದರಿಂದ ಊರವರು ಅದಕ್ಕೆ ಇಗೋ ಆಲಿ ಅಂತ ಹೆಸರಿಟ್ಟಿದ್ದಾರೆ. ಅಹಂಕಾರದ ಗಲ್ಲಿ ಅನ್ನಿ. ಐಸ್‌ಕ್ರೀಂ ಹಿಡಿದ ನೂರು ಜನರ ಮುಂದೆ ಮೊದಲ ಸಲ ದೋಣಿ ಕಟ್ಟುವ ಅಭ್ಯಾಸ ಬೇಡ.

ದಿನ ನೋಡಿಕೊಳ್ಳಿ. ಬೇಸಿಗೆಯ ಬುಧವಾರ ಸಂಜೆ ಅಲ್ಲಿ ಹಾಯಿದೋಣಿಗಳ ಪಂದ್ಯ, ನೀರೆಲ್ಲ ದೋಣಿಗಳೇ. ಮೇ ಕೊನೆಯಲ್ಲಿ ನೌಕಾ ಅಕಾಡೆಮಿಯ ಪದವಿ ವಾರ, ವಿಮಾನ ಪ್ರದರ್ಶನಕ್ಕೆ ಊರ ಪಕ್ಕದ ಸೆವರ್ನ್ ನದಿಯನ್ನೇ ಮುಚ್ಚುತ್ತಾರೆ. ಅಕ್ಟೋಬರ್‌ನಲ್ಲಿ ದೋಣಿ ಮೇಳ. ಆಗ ಜಾಗವೂ ಇಲ್ಲ, ಗೆಳೆಯರಿಗೆ ಪಾರ್ಕಿಂಗೂ ಇಲ್ಲ.

3. "ಏನು ತರಲಿ?" ಅಂತ ಕೇಳಿದಾಗ

"ಏನೂ ಬೇಡ, ನೀವು ಬಂದ್ರೆ ಸಾಕು" ಅನ್ನುವುದು ಮನೆಯಲ್ಲಿ ಸರಿ. ದೋಣಿಯಲ್ಲಿ ಹಾಗೆ ಹೇಳಿದರೆ ಅವರು ಮೂರು ಕೆಜಿ ಕಲ್ಲಂಗಡಿ, ಗಾಜಿನ ಪಾತ್ರೆಯಲ್ಲಿ ಪಾಯಸ ಹೊತ್ತುಕೊಂಡು ಬರುತ್ತಾರೆ. ಬೇಕಾದದ್ದನ್ನು ಬಾಯಿಬಿಟ್ಟು ಹೇಳಿ. ನಾನು ಕೇಳುವುದು ಮೂರೇ: ಎರಡು ಚೀಲ ಐಸ್, ಒಂದು ಡಬ್ಬಿ ಗಟ್ಟಿ ಮೊಸರು, ಒಂದು ಹಿಡಿ ಕರಿಬೇವು. ವಾರದಿಂದ ನೀರಿನ ಮೇಲಿದ್ದವರಿಗೆ ಈ ಮೂರು ಸಿಕ್ಕರೆ ಹಬ್ಬ.

ಬೇಡದ್ದನ್ನೂ ಹೇಳಿ. ಗಾಲಿ ಇರುವ ಸೂಟ್‌ಕೇಸ್ ಬೇಡ, ಇಡಲು ಜಾಗ ಇಲ್ಲ. ಮಡಚುವ ಬಟ್ಟೆಯ ಚೀಲ ಸಾಕು. ಕಪ್ಪು ಅಟ್ಟೆಯ ಶೂ ಡೆಕ್ ಮೇಲೆ ಗೆರೆ ಬಿಡುತ್ತದೆ, ಹೀಲ್ಸ್ ಅಂತೂ ಬೇಡವೇ ಬೇಡ. ಇದನ್ನು ಬೇರೆಯವರಿಗೆ ಹೇಳುವಾಗ ಸಂಕೋಚ ಆಗುತ್ತದೆ. ನಮ್ಮವರಿಗೆ "ಚಪ್ಪಲಿ ಹೊರಗೆ ಬಿಡಿ" ಅಂದರೆ ಸಾಕು, ಸಾಲಾಗಿ ಧಕ್ಕೆ ಮೇಲೆ ಬಿಟ್ಟು ಬರುತ್ತಾರೆ. ಆಮೇಲೆ ಒಂದನ್ನು ಗಾಳಿ ನೀರಿಗೆ ತಳ್ಳದ ಹಾಗೆ ಬಕೆಟ್ಟಿನಲ್ಲಿ ಹಾಕಿಡಿ.

ಮರೀನಾದ ಹೆಸರು ಮಾತ್ರ ಕೊಟ್ಟರೆ ಅವರು ಬಂದು ಇನ್ನೂರು ಮಾಸ್ಟ್‌ಗಳ (ಹಾಯಿಕಂಬಗಳ) ಮುಂದೆ ನಿಂತು ಫೋನ್ ಮಾಡುತ್ತಾರೆ. ಗೇಟಿನ ಕೋಡ್, ಧಕ್ಕೆಯ ಅಕ್ಷರ, ಸ್ಲಿಪ್ ನಂಬರ್, ದೋಣಿಯ ಬಣ್ಣ, ಹತ್ತಿರದ ಪಾರ್ಕಿಂಗ್, ಇಷ್ಟನ್ನೂ ಬರೆದು ಕಳಿಸಿ.

4. ಹತ್ತಿಸುವುದು

ಈ ಒಂದು ನಿಮಿಷದಲ್ಲೇ ಜಾಸ್ತಿ ಜನ ಪೆಟ್ಟು ಮಾಡಿಕೊಳ್ಳುವುದು. ನಿಧಾನ ಮಾಡಿ.

ಎರಡನೇ ವರ್ಷ ಗೆಳೆಯನ ಅಮ್ಮ ಮತ್ತೆ ಬಂದಿದ್ದರು. ಮೊದಲ ಸಲ ಅವರು ದೋಣಿ ಹತ್ತಿರಲೇ ಇಲ್ಲ, ದೂರದಿಂದ ನೋಡಿ ಕೈಮುಗಿದಿದ್ದರು. ಈ ಸಲ ಸ್ಲಿಪ್ ತೆಗೆದುಕೊಂಡಿದ್ದೆ. ಹಗ್ಗಗಳನ್ನು ಬಿಗಿ ಮಾಡಿ ದೋಣಿಯನ್ನು ಧಕ್ಕೆಗೆ ಒತ್ತಿಕೊಂಡು ನಿಲ್ಲುವ ಹಾಗೆ ಎಳೆದು ಕಟ್ಟಿದೆ. ಪ್ಲಾಸ್ಟಿಕ್ ಮೆಟ್ಟಿಲ ಸ್ಟೂಲ್ ಇಟ್ಟೆ. ಅವರು ಕಾಟನ್ ಸೀರೆ ಉಟ್ಟಿದ್ದರು.

"ಅಮ್ಮ, ನೆರಿಗೆ ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ."

"ಗದ್ದೆಗೆ ಇಳಿಯೋ ಹಾಗಾ?"

"ಹೌದು, ಹಾಗೇ."

ಅದನ್ನು ಅವರಿಗೆ ಬೇರೆ ಹೇಳಿಕೊಡಬೇಕಿರಲಿಲ್ಲ. ಕೈಲಿದ್ದ ಚೀಲವನ್ನು ಮೊದಲು ಇಸಕೊಂಡೆ. ಮಾಸ್ಟ್ ತುದಿಯಿಂದ ಡೆಕ್‌ಗೆ ಬಿಗಿದ ದಪ್ಪ ಉಕ್ಕಿನ ತಂತಿ ತೋರಿಸಿ "ಇದನ್ನು ಹಿಡಿಯಿರಿ, ಬೇಲಿ ತರಹ ಇರೋ ಈ ಸಣ್ಣ ತಂತಿ ಬೇಡ" ಅಂದೆ. ಸಣ್ಣದು ಅಲ್ಲಾಡುತ್ತದೆ, ಅದನ್ನೇ ನಂಬಿ ಮೈಭಾರ ಹಾಕಿದವರು ಹಿಂದಕ್ಕೆ ಬೀಳುತ್ತಾರೆ. ಅವರು ತಂತಿ ಹಿಡಿದರು. ಒಂದು ಕಾಲು ಡೆಕ್ ಮೇಲೆ ಇಟ್ಟು, ದೋಣಿ ಸ್ವಲ್ಪ ವಾಲಿದ್ದನ್ನು ನೋಡಿ ಅಲ್ಲೇ ನಿಂತರು. ಇದೇ ಅಪಾಯದ ಗಳಿಗೆ. ಒಂದು ಕಾಲು ನೆಲದಲ್ಲಿ, ಒಂದು ಕಾಲು ದೋಣಿಯಲ್ಲಿ ಇಟ್ಟು ಯೋಚನೆ ಮಾಡಬಾರದು. "ಬನ್ನಿ ಬನ್ನಿ, ಇನ್ನೊಂದು ಕಾಲೂ ತನ್ನಿ" ಅಂದೆ. ಹಿಂದಿನಿಂದ ಮಗ ಬೆನ್ನಿಗೆ ಕೈ ಕೊಟ್ಟ. ಹತ್ತಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಇಷ್ಟೇನಾ" ಅಂದರು.

ನೆನಪಿಡಬೇಕಾದದ್ದು ಇಷ್ಟೇ: ಕೈಯಲ್ಲಿ ಏನೂ ಇರಬಾರದು, ಹಾರಬಾರದು, ಒಬ್ಬೊಬ್ಬರೇ ಹತ್ತಬೇಕು. ದೋಣಿ ಧಕ್ಕೆಗೆ ತಾಗುತ್ತದೆ ಅನ್ನಿಸಿದಾಗ ಕೈಯಿಂದಲೋ ಕಾಲಿಂದಲೋ ತಡೆಯಲು ಹೋಗಬಾರದು. 30 ಅಡಿಯ ದೋಣಿ ನಾಲ್ಕೈದು ಟನ್ ಇರುತ್ತದೆ. ತಾಗಲಿ ಬಿಡಿ, ಗೀಚಿದ ಬಣ್ಣವನ್ನು ಮತ್ತೆ ಬಳಿಯಬಹುದು.

ಡಿಂಗಿಯಾದರೆ ಇನ್ನೂ ಎಚ್ಚರ. ಅಂಚಿನ ಮೇಲೆ ಕಾಲಿಡದೆ ನಡುಮಧ್ಯೆ ಇಡಬೇಕು, ಇಟ್ಟ ಕೂಡಲೇ ಕೂರಬೇಕು. ನಾಲ್ಕು ಜನರನ್ನು ಒಂದೇ ಸಲ ತುಂಬುವುದಕ್ಕಿಂತ ಎರಡು ಸಲ ಹೋಗಿ ಬನ್ನಿ. ಮೇರಿಲ್ಯಾಂಡ್‌ನಲ್ಲಿ 21 ಅಡಿಗಿಂತ ಚಿಕ್ಕ ದೋಣಿ ಹೊರಟ ಮೇಲೆ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿರಲೇಬೇಕು. ಡಿಂಗಿ ಆ ಲೆಕ್ಕಕ್ಕೆ ಬರುತ್ತದೆ. ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಾಗಿರಬೇಕು, ಆದ್ದರಿಂದ ತೂಕ ಎಷ್ಟು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ದೊಡ್ಡವರ ಗಾಳಿ ತುಂಬುವ ಜಾಕೆಟ್ ಮಕ್ಕಳಿಗೆ ಆಗುವುದಿಲ್ಲ. ಕತ್ತಲಾದ ಮೇಲೆ ವಾಪಸ್ ಬಿಡಲು ಹೋಗುವಾಗ ಡಿಂಗಿಗೆ ಬಿಳಿ ದೀಪ ಬೇಕು. ಅನಾಪೊಲಿಸ್‌ನಲ್ಲಿ ಒಂದು ಅನುಕೂಲ ಇದೆ. ಎಷ್ಟೋ ರಸ್ತೆಗಳು ನೇರ ನೀರಿಗೆ ಬಂದು ಮುಗಿಯುತ್ತವೆ, ಆ ತುದಿಗಳಲ್ಲಿ ಡಿಂಗಿ ಕಟ್ಟಲು ಜಾಗ ಇರುತ್ತದೆ. ಗೆಳೆಯರ ಕಾರು ಅಲ್ಲಿಯವರೆಗೇ ಬರಬಹುದು.

5. ಒಳಗೆ ಬಂದ ಮೇಲೆ, ಟೀಗೆ ಮೊದಲು

ಟಾಯ್ಲೆಟ್ ಬಗ್ಗೆ ಮೊದಲೇ ಹೇಳಿಬಿಡಿ. ನಾಚಿಕೊಂಡು ಹೇಳದೇ ಹೋದರೆ ಬಿಚ್ಚಿ ರಿಪೇರಿ ಮಾಡುವವರು ನೀವೇ. ನಾನು ಎಲ್ಲರನ್ನೂ ಕರೆದು ಕೈಪಂಪು ಹೇಗೆ ಒತ್ತಬೇಕು ಅಂತ ತೋರಿಸುತ್ತೇನೆ. "ಮೊದಲು ತಿಂದು ಬಂದದ್ದು ಬಿಟ್ಟು ಬೇರೆ ಏನೂ ಇದರೊಳಗೆ ಹೋಗಬಾರದು, ಪೇಪರೂ ಪಕ್ಕದ ಬುಟ್ಟಿಗೆ" ಅನ್ನುತ್ತೇನೆ. ಮಕ್ಕಳು ನಗುತ್ತಾರೆ, ನೆನಪೂ ಇಟ್ಟುಕೊಳ್ಳುತ್ತಾರೆ. ಕೊಳೆ ಎಲ್ಲ ಒಳಗಿನ ಟ್ಯಾಂಕಿಗೆ ಹೋಗುತ್ತದೆ. ಅಮೆರಿಕದಲ್ಲಿ ದಡದಿಂದ ಮೂರು ನಾಟಿಕಲ್ ಮೈಲಿ ಒಳಗೆ ಅದನ್ನು ನೀರಿಗೆ ಬಿಡುವ ಹಾಗಿಲ್ಲ. ಅತಿಥಿಗಳು ಬರುವ ಹಿಂದಿನ ದಿನವೇ ಪಂಪ್‌ಔಟ್ ಮಾಡಿಸಿ ಟ್ಯಾಂಕ್ ಖಾಲಿ ಇಟ್ಟುಕೊಳ್ಳಿ.

ನೀರಿನದು ಇನ್ನೊಂದು. ನಮ್ಮ ಟ್ಯಾಂಕಿನಲ್ಲಿ 150 ಲೀಟರ್. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವ ಅತಿಥಿಗೆ ಅದು ಒಂದು ಊಟಕ್ಕೆ ಸಾಲದು. ಅಡುಗೆಮನೆಯಲ್ಲಿ ಸಹಾಯ ಮಾಡುತ್ತೇನೆ ಅಂತ ಬರುವ ಅಕ್ಕಂದಿರನ್ನು ತಡೆಯುವುದು ಕಷ್ಟ. ಹಾಗಾಗಿ ಒಂದು ಚೊಂಬು, ಒಂದು ಬಕೆಟ್ ಮುಂದೆ ಇಟ್ಟುಬಿಡುತ್ತೇನೆ. ಚೊಂಬು ಕಂಡರೆ ನೀರು ತಾನಾಗಿ ಮಿತ ಆಗುತ್ತದೆ.

ಅಡುಗೆಗೆ ಪ್ರೆಶರ್ ಕುಕ್ಕರ್‌ಗಿಂತ ಒಳ್ಳೆಯದು ದೋಣಿಯಲ್ಲಿ ಇಲ್ಲ. ಮುಚ್ಚಳ ಬೀಗ ಹಾಕಿದ ಹಾಗೆ ಕೂರುತ್ತದೆ, ಗ್ಯಾಸ್ ಕಡಿಮೆ ಸಾಕು. ಮೂರು ಸೀಟಿಗೆ ಪಕ್ಕದ ದೋಣಿಯವರು ಕತ್ತು ಚಾಚಿ ನೋಡುತ್ತಾರೆ, ನೋಡಲಿ ಬಿಡಿ. ಮೇರಿಲ್ಯಾಂಡ್‌ಗೆ ಬಂದು ಏಡಿ ತಿನ್ನದೆ ಹೋಗುವುದು ಸರಿಯಲ್ಲ ಅನ್ನುವವರಿದ್ದರೆ ಅದನ್ನು ದಡದ ಹೋಟೆಲಿನಲ್ಲೇ ತಿನ್ನಿ. ಮಸಾಲೆ ಮೆತ್ತಿ ಬೇಯಿಸಿದ ಏಡಿಯನ್ನು ಪೇಪರ್ ಹಾಸಿದ ಮೇಜಿನ ಮೇಲೆ ಸುತ್ತಿಗೆಯಿಂದ ಒಡೆದು ತಿನ್ನುವುದನ್ನು ನನ್ನ ಚಿಕ್ಕ ಕ್ಯಾಬಿನ್‌ನಲ್ಲಿ ನಾನು ಒಪ್ಪುವುದಿಲ್ಲ.

6. ಒಂದು ಸುತ್ತು ಹೋಗಿ ಬರುವುದಾದರೆ

ಎಲ್ಲರೂ ಕೇಳುತ್ತಾರೆ. ಒಂದೂವರೆ ಗಂಟೆ ಸಾಕು. ಸೆವರ್ನ್ ನದಿಯ ಬಾಯಿಗೆ ಹೋದರೆ ಹಿಂದೆ ಅಕಾಡೆಮಿಯ ಗುಮ್ಮಟ, ಮುಂದೆ ಬೇ ಬ್ರಿಜ್ ಕಾಣುತ್ತದೆ. ಅಲ್ಲಿಗೆ ಫೋಟೋ ಆಯಿತು. ಬೆಳಿಗ್ಗೆಯೇ ಹೋಗಿ ಬನ್ನಿ. ಜುಲೈ, ಆಗಸ್ಟ್‌ನಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಹೊರಡುವ ಮೊದಲು ರೇಡಿಯೋದಲ್ಲಿ ಹವಾಮಾನ ಕೇಳಿ. ಅನುಮಾನ ಇದ್ದರೆ ಧಕ್ಕೆಯಲ್ಲೇ ಕೂತು ಕಾಫಿ ಕುಡಿಯಿರಿ, ಯಾರಿಗೂ ಬೇಜಾರಾಗುವುದಿಲ್ಲ.

ಹಾಯಿ ಅರ್ಧವೇ ಬಿಚ್ಚಿ. ದೋಣಿ ವಾಲುವುದು ನಿಮಗೆ ಖುಷಿ, ಅವರಿಗೆ ಜೀವಭಯ. ವಾಂತಿ ಬರುವ ಹಾಗಿದ್ದರೆ ಒಳಗೆ ಮಲಗಿಸಬೇಡಿ, ಹೊರಗೆ ಕೂರಿಸಿ, ದೂರದ ದಡ ನೋಡಲು ಹೇಳಿ, ಚುಕ್ಕಾಣಿ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲಿ. ಕೈಗೆ ಕೆಲಸ ಬಂದರೆ ಹೊಟ್ಟೆ ಸುಮ್ಮನಾಗುತ್ತದೆ. ನೀರಿಗೆ ಹಾರುತ್ತೇವೆ ಅನ್ನುವ ಮಕ್ಕಳಿಗೆ ಬೇಸಿಗೆಯ ನಡುವಿನಲ್ಲಿ ಅಂಬಲಿ ಮೀನು (ಜೆಲ್ಲಿಫಿಶ್) ಇರುತ್ತವೆ ಅಂತ ತೋರಿಸಿ. ಅವುಗಳ ಜೋತಾಡುವ ನೂಲು ತಾಗಿದರೆ ಬೆಂಕಿ ತಾಗಿದ ಹಾಗೆ ಉರಿಯುತ್ತದೆ.

ದುಡ್ಡಿನ ಒಂದು ಮಾತು. ಐಸ್, ಡೀಸೆಲ್ ಖರ್ಚನ್ನು ಗೆಳೆಯರು ತಾವಾಗಿ ಹಂಚಿಕೊಂಡರೆ ತೊಂದರೆ ಇಲ್ಲ. "ತಲೆಗೆ ಇಷ್ಟು ಕೊಟ್ಟರೆ ಸುತ್ತಿಸುತ್ತೇನೆ" ಅಂದರೆ ಮಾತ್ರ ಅದು ಬಾಡಿಗೆ ದೋಣಿ ಆಯಿತು, ಅದಕ್ಕೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಬೇಕು.

7. ಅವರ ಮನೆಗೆ ಹೋಗುವುದು

"ಇವತ್ತು ರಾತ್ರಿ ನಮ್ಮನೆಗೇ ಬನ್ನಿ, ಬಿಸಿನೀರು ಸ್ನಾನ ಮಾಡಿ" ಅಂತ ಕರೆಯುತ್ತಾರೆ. ಹೋಗಿ. ಬಟ್ಟೆ ಒಗೆಯುವುದು, ದಿನಸಿ ತರುವುದು ಎಲ್ಲ ಒಂದೇ ಸಲಕ್ಕೆ ಆಗುತ್ತದೆ. ಆದರೆ ಲಂಗರಿನ ಮೇಲೆ ದೋಣಿ ಬಿಟ್ಟು ರಾತ್ರಿ ಹೋಗಬೇಡಿ, ಸ್ಲಿಪ್‌ನಲ್ಲೋ ಮೂರಿಂಗ್‌ನಲ್ಲೋ ಕಟ್ಟಿ ಹೋಗಿ. ತಳದಲ್ಲಿ ನೀರು ಒಳಗೆ ಬರುವ ವಾಲ್ವ್‌ಗಳನ್ನು ಮುಚ್ಚಿ, ಗ್ಯಾಸ್ ಬಂದ್ ಮಾಡಿ, ಪಕ್ಕದ ದೋಣಿಯವರಿಗೆ ಫೋನ್ ನಂಬರ್ ಕೊಟ್ಟಿರಿ. ಒಂದು ಜೊತೆ ಒಳ್ಳೆ ಬಟ್ಟೆಯನ್ನು ಗಾಳಿಯಾಡದ ಚೀಲದಲ್ಲಿ ಬೇರೆ ಇಟ್ಟಿರಬೇಕು. ಡೀಸೆಲ್ಲಿನ, ಒದ್ದೆ ಹಗ್ಗದ ವಾಸನೆ ನಮಗೆ ಗೊತ್ತಾಗುವುದಿಲ್ಲ, ಅವರ ಸೋಫಾಕ್ಕೆ ಗೊತ್ತಾಗುತ್ತದೆ. ಬಚ್ಚಲಲ್ಲಿ ಕಣ್ಣು ಮುಚ್ಚಿದಾಗ ಗೋಡೆ ತೂಗಿದ ಹಾಗೆ ಅನ್ನಿಸಿದರೆ ಗಾಬರಿಯಾಗಬೇಡಿ, ಒಂದೆರಡು ದಿನದಲ್ಲಿ ಹೋಗುತ್ತದೆ.

8. ಹೊರಡುವಾಗ

"ಇನ್ನೊಂದು ದಿನ ಇರಿ" ಅಂತಾರೆ. ವಾಪಸ್ಸಿನ ದಾರಿಗೆ ಎದುರಾಗುವ ಉತ್ತರದ ಗಾಳಿ ನಾಳೆ ಇದ್ದರೆ ಇರಿ, ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೇ ಹೊರಡಿ. ಬರುವಾಗ ಗಡಿಯಾರ ನೋಡಿ ಕೆಟ್ಟೆವು, ಹೋಗುವಾಗ ದಾಕ್ಷಿಣ್ಯಕ್ಕೆ ಕೆಡುವುದು ಬೇಡ.

ಕೊನೆಯ ಹಗ್ಗ ಬಿಚ್ಚುವ ಕೆಲಸ ಅವರಿಗೇ ಕೊಡಿ, ಖುಷಿಪಡುತ್ತಾರೆ. ಬಿಚ್ಚಿದ ಮೇಲೆ ತುದಿಯನ್ನು ದೋಣಿಯೊಳಗೆ ಎಸೆಯಬೇಕು ಅಂತ ಎರಡು ಸಲ ಹೇಳಿ. ನೀರಿಗೆ ಬಿದ್ದು ಪ್ರೊಪೆಲರ್‌ಗೆ ಸುತ್ತಿಕೊಂಡರೆ ಇನ್ನೊಂದು ದಿನ ಅವರ ಮನೆಯಲ್ಲೇ ಊಟ. ನನ್ನ ಗೆಳೆಯ ಒಮ್ಮೆ ಹಾಗೆ ಮಾಡಿದ. ಬೇಕಂತಲೇ ಮಾಡಿದ್ದು ಅಂತ ಅವನ ಅಮ್ಮ ಈಗಲೂ ಹೇಳುತ್ತಾರೆ.